ಓದುಗರ ಪ್ರಶ್ನೆ, ನಮ್ಮ ಉತ್ತರ: ಕೊಡಗಿನ ಪ್ರೊಟೆಸ್ಟಂಟ್ ಸಭೆಗಳ ಚರಿತ್ರೆ

ಈ ಸಂಚಿಕೆಯ ಅಂಕಣವನ್ನು ಕೊಡಗಿನ ಕ್ರೈಸ್ತ ಸಭೆಗಳ ಚರಿತ್ರೆಯನ್ನು ಕುರಿತು ಬಂದಿರುವ ಪತ್ರಗಳಿಗೆ ಮೀಸಲಿಡಲಾಗಿದೆ.

ಪ್ರಶ್ನೆ: ನಮ್ಮ ಸಭೆಯ ಚರಿತ್ರೆಯನ್ನು ಒಂದು ಕಿರುಪುಸ್ತಕವಾಗಿ ತರಬೇಕೆಂದು ಸಭಾ ಹಿರಿಯರು ತೀರ್ಮಾನಿಸಿದ್ದಾರೆ. ಮೋಗ್ಲಿಂಗ್ ಸಾಹೇಬರು ಬಂದರು, ಆನಂದಪುರವನ್ನು ಕಟ್ಟಿದರು ಎಂಬುದಷ್ಟೇ ನಮಗೆ ತಿಳಿದಿದೆ. ಬರವಣಿಗೆಯನ್ನು ಎಲ್ಲಿಂದ ಆರಂಭಿಸಬೇಕು, ಏನೇನನ್ನು ಸೇರಿಸಬೇಕು?
(ಸಿದ್ದಾಪುರದ ಕಡೆಯ ಓದುಗರೊಬ್ಬರು)

ಉತ್ತರ: ನಿಮ್ಮ ಪುಸ್ತಕವು ಮೋಗ್ಲಿಂಗರಿಂದ ಆರಂಭವಾದರೆ ತಪ್ಪಲ್ಲ, ಆದರೆ ಅಲ್ಲಿಗೇ ನಿಂತುಬಿಟ್ಟರೆ ಅದು ಸಭೆಯ ಚರಿತ್ರೆಯಾಗದೆ ಒಬ್ಬ ಮಿಶನರಿಯ ಚರಿತ್ರೆಯಾಗಿ ಉಳಿಯುತ್ತದೆ. ಆದ್ದರಿಂದ ಮೊದಲು ಹಿನ್ನೆಲೆಯನ್ನು ಹೇಳಿ, ನಂತರ ಸಭೆಯನ್ನು ತುಂಬಿದ ಜನರ ಕಡೆಗೆ ಬರುತ್ತೇನೆ.

1834 ಕೊಡಗಿನ ಮಟ್ಟಿಗೆ ಎರಡು ಕಾರಣಗಳಿಂದ ನೆನಪಿಡಬೇಕಾದ ವರ್ಷ. ಆ ವರ್ಷದ ಬೇಸಗೆಯಲ್ಲಿ ಚಿಕ್ಕವೀರರಾಜೇಂದ್ರನ ಆಳ್ವಿಕೆ ಕೊನೆಗೊಂಡು ಕೊಡಗು ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಅದೇ ವರ್ಷ ಅಕ್ಟೋಬರ್ 30ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಮೊದಲ ಮೂವರು ಮಿಶನರಿಗಳಾದ ಹೆಬಿಕ್, ಲೇನರ್ ಮತ್ತು ಗ್ರೈನರ್ ಮಂಗಳೂರಿನಲ್ಲಿ ಬಂದಿಳಿದರು. ಬ್ರಿಟಿಷರಲ್ಲದ ಮಿಶನರಿಗಳಿಗೂ ಕಂಪನಿಯ ಸೀಮೆಯಲ್ಲಿ ನೆಲೆಸಲು ದಾರಿ ತೆರೆದದ್ದು ಅದಕ್ಕೆ ಒಂದು ವರ್ಷ ಮೊದಲು, 1833ರ ಸನ್ನದು ಕಾಯಿದೆಯಿಂದ. ಹೀಗೆ ರಾಜಕೀಯ ಬದಲಾವಣೆಯೂ ಮಿಶನ್ನಿನ ಆಗಮನವೂ ಒಂದೇ ವರ್ಷದಲ್ಲಿ ನಡೆದರೂ, ಮಿಶನ್ ಘಟ್ಟ ಹತ್ತಿ ಕೊಡಗಿಗೆ ಬರಲು ಮತ್ತೆ 19 ವರ್ಷಗಳು ಬೇಕಾದವು. ಈ ನಡುವೆ, 1837ರಲ್ಲಿ, ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಎದ್ದ ಬಂಡಾಯವು ಸುಳ್ಯದ ಸೀಮೆಯಿಂದ ಮಂಗಳೂರಿನವರೆಗೆ ಹಬ್ಬಿತ್ತೆಂಬುದನ್ನು ನೆನೆದರೆ, ಆ ದಿನಗಳಲ್ಲಿ ಕೊಡಗಿನ ಜನರು ಹೊರಗಿನಿಂದ ಬಂದ ಯಾವುದನ್ನೂ ಸುಲಭವಾಗಿ ನಂಬುವ ಸ್ಥಿತಿಯಲ್ಲಿರಲಿಲ್ಲ ಎಂಬುದು ಅರ್ಥವಾಗುತ್ತದೆ.

ಹರ್ಮನ್ ಮೋಗ್ಲಿಂಗ್ ಹುಟ್ಟಿದ್ದು 1811ರಲ್ಲಿ, ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಬ್ರಾಕನ್‌ಹೈಮಿನಲ್ಲಿ. ಅವರು 1836ರಲ್ಲಿ ಭಾರತಕ್ಕೆ ಬಂದರು. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು 1843ರ ಜುಲೈ 1ರಂದು ಹೊರತಂದವರು ಅವರೇ ಎಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ಅವರ ಬದುಕಿನ ಕೊಡಗಿನ ಅಧ್ಯಾಯ ಮಾತ್ರ ಅಷ್ಟು ಪರಿಚಿತವಲ್ಲ. ಅದಕ್ಕೆ ಕಾರಣನಾದವನು ಅಲ್ಮಂಡ ಮನೆತನದ ಸೋಮಯ್ಯನೆಂಬ ಕೊಡವ. ಆತ ತಾನಾಗಿಯೇ ಘಟ್ಟ ಇಳಿದು ಮಂಗಳೂರಿಗೆ ಹೋಗಿ, ಮೋಗ್ಲಿಂಗರನ್ನು ಕಂಡು, ದೀಕ್ಷಾಸ್ನಾನ ಪಡೆದು ಸ್ತೆಫಾನಸ ಎಂಬ ಹೆಸರನ್ನು ಪಡೆದನು. ಆತನ ಬೆನ್ನಿಗೆ 1853ರಲ್ಲಿ ಮೋಗ್ಲಿಂಗರು ಕೊಡಗಿಗೆ ಬಂದು ಮೊದಲು ಅಲ್ಮಂಡದಲ್ಲೇ ನೆಲೆಸಿದರು. ಮಿಶನರಿಯು ಕೊಡಗನ್ನು ಹುಡುಕಿಕೊಂಡು ಬರುವ ಮೊದಲೇ ಕೊಡಗಿನ ಮನುಷ್ಯನೊಬ್ಬನು ಮಿಶನರಿಯನ್ನು ಹುಡುಕಿಕೊಂಡು ಹೋಗಿದ್ದನು. ನಿಮ್ಮ ಪುಸ್ತಕದ ಮೊದಲ ಪುಟದಲ್ಲಿ ಈ ಸಂಗತಿ ಇರಲೇಬೇಕೆಂದು ನನ್ನ ಅಭಿಪ್ರಾಯ.

ಸೋಮಯ್ಯನ ತೀರ್ಮಾನ ಎಷ್ಟು ಭಾರವಾದದ್ದಾಗಿತ್ತೆಂಬುದನ್ನು ಇಂದಿನ ಓದುಗರಿಗೆ ಬಿಡಿಸಿ ಹೇಳಬೇಕಾಗುತ್ತದೆ. ಕೊಡಗಿನಲ್ಲಿ ಜಮ್ಮಾ ಭೂಮಿಯು, ಅಂದರೆ ವಂಶಪಾರಂಪರ್ಯವಾಗಿ ಬರುವ ಹಿಡುವಳಿಯು, ಒಬ್ಬ ವ್ಯಕ್ತಿಯ ಸ್ವತ್ತಲ್ಲ, ಒಕ್ಕದ, ಅಂದರೆ ಒಂದೇ ಮೂಲಪುರುಷನಿಂದ ಬಂದ ಕುಟುಂಬದ ಸ್ವತ್ತು. ಒಕ್ಕವೆಂದರೆ ಒಂದೇ ಸೂರು ಮಾತ್ರವಲ್ಲ. ಗುರುಕಾರಣರ (ಒಕ್ಕದ ಮೂಲ ಹಿರಿಯರ) ಆರಾಧನೆ, ಮೂಲ ಮನೆಯಾದ ಐನ್‌ಮನೆಯ ನೆಲ್ಲಕ್ಕಿ ನಡುಬಾಡೆಯ (ನಡುಮನೆಯ) ದೀಪ, ಮದುವೆ, ಸಾವು, ಸುಗ್ಗಿಯ ಹಬ್ಬವಾದ ಪುತ್ತರಿ ಎಲ್ಲವೂ ಅದರೊಳಗೇ ಬೆಸೆದುಕೊಂಡಿರುತ್ತವೆ. ಮತವನ್ನು ಬದಲಿಸಿದವನು ಈ ಬಂಧದಿಂದ ಹೊರಬಿದ್ದ ಮೇಲೆ ಭೂಮಿಯ ಮೇಲಿನ ಅವನ ಪಾಲು ಏನಾಗಬೇಕು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಮತಾಂತರಗೊಂಡ ಕಾರಣಕ್ಕೆ ಯಾರೂ ತಮ್ಮ ಆಸ್ತಿಯ ಹಕ್ಕನ್ನು ಕಳೆದುಕೊಳ್ಳಬಾರದೆಂದು ಕಂಪನಿ ಸರಕಾರವು 1850ರ 21ನೇ ಕಾಯಿದೆಯಲ್ಲಿ ವಿಧಿಸಿತ್ತು. ಕಾಯಿದೆ ಹೊಲವನ್ನು ಉಳಿಸಿಕೊಡಬಹುದಾಗಿತ್ತು. ಐನ್‌ಮನೆಯ ಪಂಕ್ತಿಯಲ್ಲಿ ಜಾಗ ಕೊಡುವುದು ಅದರ ಕೈಯಲ್ಲಿರಲಿಲ್ಲ. ಮುಂದಿನ ದಶಕಗಳಲ್ಲಿ ಕೊಡವರಿಂದ ಬಹಳ ಮಂದಿ ಈ ದಾರಿ ಹಿಡಿಯದಿರಲು ಒಕ್ಕದ ಈ ಗಟ್ಟಿತನವೇ ಮುಖ್ಯ ಕಾರಣವೆಂದು ನಾನು ತಿಳಿಯುತ್ತೇನೆ.

ಹಾಗಾದರೆ ಸಭೆಯನ್ನು ತುಂಬಿದವರು ಯಾರು? ನಿಮ್ಮ ಪುಸ್ತಕದ ಹೃದಯ ಇಲ್ಲಿದೆ. ಅಂದಿನ ದಾಖಲೆಗಳು ಹೊಲೆಯರೆಂದು ಗುರುತಿಸುವ ದಲಿತ ಜನರು ಕೊಡಗಿನಲ್ಲಿ ತಲೆಮಾರುಗಳಿಂದ ಭೂಮಿಯೊಡನೆ ಕಟ್ಟಲ್ಪಟ್ಟ ಆಳುಗಳಾಗಿದ್ದರು. ಜಮ್ಮಾ ಗದ್ದೆಯ ಜೊತೆಯಲ್ಲಿ ಅದನ್ನು ಉಳುವ ಆಳುಗಳೂ ಸೇರಿದವರೆಂದು ಎಣಿಸುವ ಪದ್ಧತಿ ಇತ್ತು. ಗುಲಾಮಗಿರಿಯನ್ನು ಆಧರಿಸಿದ ಯಾವ ಹಕ್ಕನ್ನೂ ನ್ಯಾಯಾಲಯಗಳು ಮನ್ನಿಸಬಾರದೆಂದು 1843ರ 5ನೇ ಕಾಯಿದೆ ಹೇಳಿತು. ಗುಲಾಮರನ್ನಾಗಿ ಕೊಳ್ಳುವುದು, ಮಾರುವುದು 1860ರ ಭಾರತೀಯ ದಂಡ ಸಂಹಿತೆಯಡಿ ಅಪರಾಧವಾಯಿತು. ಆದರೆ ಕಾಯಿದೆ ಬಿಡುಗಡೆ ಮಾಡಿದವನಿಗೆ ಮನೆ ಕಟ್ಟಲು ಜಾಗವಿಲ್ಲದಿದ್ದರೆ, ದುಡಿಯಲು ಬೇರೆ ನೆಲವಿಲ್ಲದಿದ್ದರೆ, ಅವನು ಸಂಜೆಯ ಹೊತ್ತಿಗೆ ಮತ್ತೆ ಹಳೆಯ ಒಡೆಯನ ಅಂಗಳದಲ್ಲೇ ನಿಲ್ಲಬೇಕಾಗುತ್ತದೆ. ಆನಂದಪುರದ ಅರ್ಥ ಗೊತ್ತಾಗುವುದು ಈ ಹಿನ್ನೆಲೆಯಲ್ಲಿ. ಸಿದ್ದಾಪುರದ ಬಳಿಯ ಆ ನೆಲದಲ್ಲಿ ಮೋಗ್ಲಿಂಗರು ನೆಲೆಗೊಳಿಸಿದ ವಸತಿಯು ದೀಕ್ಷಾಸ್ನಾನ ಪಡೆದವರಿಗೆ ಪ್ರಾರ್ಥನೆಗೆ ಒಂದು ಮಂದಿರವನ್ನಷ್ಟೇ ಅಲ್ಲದೆ, ಒಡೆಯನ ಕಣ್ಣಿನಿಂದ ದೂರವಾದ ಒಂದು ಮನೆಯನ್ನೂ ದುಡಿಮೆಯನ್ನೂ ಒದಗಿಸಿತು. ಆ ಕಾಲದ ಬಡವನಿಗೆ ಇವೆರಡನ್ನೂ ಬಿಟ್ಟು ವಿಶ್ವಾಸವನ್ನು ಮಾತ್ರ ಬೇರೆಯಾಗಿ ತೂಗಿ ನೋಡುವ ಅವಕಾಶವಿರಲಿಲ್ಲ. ‘ಅನ್ನಕ್ಕಾಗಿ ಮತ ಬಿಟ್ಟವರು’ ಎಂಬ ಹಳೆಯ ನಿಂದೆಗೆ ನಿಮ್ಮ ಪುಸ್ತಕ ಹೆದರಬೇಕಾಗಿಲ್ಲ. ನೆಲದೊಡನೆ ಎಣಿಕೆಯಾಗುತ್ತಿದ್ದ ಮನುಷ್ಯನು ತನ್ನ ಹೆಸರಿನಿಂದ ಕರೆಯಿಸಿಕೊಳ್ಳಲು, ತನ್ನ ಮಕ್ಕಳಿಗೆ ಓದು ಕಲಿಸಲು, ತನ್ನ ಹೆಂಡತಿಯೊಡನೆ ಒಂದೇ ಸೂರಿನಡಿ ಯಾರ ಅಪ್ಪಣೆಯೂ ಇಲ್ಲದೆ ಬಾಳಲು ಬಯಸಿದರೆ ಅದು ಸಣ್ಣ ಬಯಕೆಯಲ್ಲ.

ಅದೇ ವೇಳೆಗೆ ಇನ್ನೊಂದು ಮುಖವನ್ನೂ ಬರೆಯಬೇಕು. ಮಿಶನ್ನಿನ ವಸತಿಗಳಲ್ಲಿ ಸಭಾಶಿಸ್ತು ಬಿಗಿಯಾಗಿತ್ತು. ಕುಡಿತ, ಹಳೆಯ ಹಬ್ಬಗಳಲ್ಲಿ ಭಾಗವಹಿಸುವುದು, ಭಾನುವಾರದ ಆರಾಧನೆ ತಪ್ಪಿಸುವುದು ಇವೆಲ್ಲ ವಿಚಾರಣೆಗೆ ಬರುತ್ತಿದ್ದ ವಿಷಯಗಳು. ಹಳೆಯ ಒಡೆಯನಿಂದ ಬಿಡಿಸಿಕೊಂಡವರು ಹೊಸ ಪೋಷಕನೊಬ್ಬನ ಕೆಳಗೆ ಬಂದರೆಂಬ ಮಾತಿನಲ್ಲಿ ಒಂದಿಷ್ಟು ನಿಜವಿದೆ. ಇದನ್ನು ಮುಚ್ಚಿಟ್ಟರೆ ಹಿರಿಯರಿಗೆ ಗೌರವ ಸಲ್ಲಿಸಿದಂತಾಗುವುದಿಲ್ಲ.

ಕೊಡಗಿನ ಸಭೆಯ ಕಥೆಯಲ್ಲಿ ಕಾಫಿಯನ್ನು ಬಿಟ್ಟು ಮುಂದೆ ಹೋಗಲಾಗದು. ಯುರೋಪಿಯನ್ ತೋಟಗಾರಿಕೆ ಇಲ್ಲಿ ಜಾನ್ ಫೌಲರ್ ಎಂಬವರು 1854ರಲ್ಲಿ ಮಡಿಕೇರಿಯಲ್ಲಿ ತೆರೆದ ತೋಟದಿಂದ ಆರಂಭವಾಯಿತು. ಅಂದರೆ ಮಿಶನ್ನೂ ಯುರೋಪಿಯನ್ನರ ಕಾಫಿ ತೋಟವೂ ಒಂದು ವರ್ಷದ ಅಂತರದಲ್ಲಿ ಬಂದವು. ಆನಂದಪುರದ ವಸತಿಯೂ ಕಾಫಿಯ ಆದಾಯವನ್ನು ನೆಚ್ಚಿತ್ತು. ಈ ಕಾರ್ಯದಲ್ಲಿ ಮೋಗ್ಲಿಂಗರೊಡನೆ ನಿಂತವರಲ್ಲಿ ಹರ್ಮನ್ ಆನಂದರಾವ್ ಕೌಂಡಿನ್ಯರ ಹೆಸರು ಮುಖ್ಯ. ಮಂಗಳೂರಿನ ಸಾರಸ್ವತ ಕುಟುಂಬದವರಾದ ಅವರು 1844ರಲ್ಲಿ ದೀಕ್ಷಾಸ್ನಾನ ಪಡೆದು, ಬಾಸೆಲಿನಲ್ಲೇ ಶಿಕ್ಷಣ ಮುಗಿಸಿ, 1851ರಲ್ಲಿ ಗುರುದೀಕ್ಷೆ ಪಡೆದಿದ್ದರು. 1860ರ ದಶಕದ ಕೊನೆಯ ವರ್ಷಗಳಲ್ಲಿ ಕಾಂಡಕೊರಕ ಹುಳುವು ಕೊಡಗಿನ ತೋಟಗಳನ್ನು ಹಾಳುಗೆಡವಿದಾಗ, ಕಾಫಿಯನ್ನು ನೆಚ್ಚಿದ ಎಲ್ಲರಿಗೂ ಅದರ ಪೆಟ್ಟು ತಾಗಿತು. ಸಭೆಯ ಜನಸಂಖ್ಯೆ ಏಕೆ ಏರಿತು, ಏಕೆ ಇಳಿಯಿತು, ಕುಟುಂಬಗಳು ಏಕೆ ಅಮ್ಮತ್ತಿಗೋ ಪಾಲಿಬೆಟ್ಟಕ್ಕೋ ಸರಿದುಹೋದವು ಎಂಬುದನ್ನು ಹುಡುಕುವಾಗ ದೇವಾಲಯದ (ಚರ್ಚಿನ) ಪುಸ್ತಕಗಳ ಜೊತೆಗೆ ಕಾಫಿಯ ಬೆಲೆ, ರೋಗ ಮತ್ತು ಮಳೆಯ ಲೆಕ್ಕವನ್ನೂ ನೋಡಬೇಕೆಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ. ಮುಂದೆ ತೋಟದ ಕೆಲಸಕ್ಕೆಂದು ತಮಿಳು ಸೀಮೆಯಿಂದಲೂ ಮಲಬಾರಿನಿಂದಲೂ ಬಂದವರಲ್ಲಿ ಕ್ರೈಸ್ತರೂ ಇದ್ದರು. ಲೈನ್ ಮನೆಗಳಿಂದ ಆರಾಧನೆಗೆ ನಡೆದು ಬರುತ್ತಿದ್ದ ಆ ಕುಟುಂಬಗಳಿಗೂ ಪುಸ್ತಕದಲ್ಲಿ ಒಂದು ಅಧ್ಯಾಯ ಸಲ್ಲಬೇಕು.

ಮೋಗ್ಲಿಂಗರು 1860ರಲ್ಲಿ ಸ್ವದೇಶಕ್ಕೆ ಮರಳಿದರು, 1881ರಲ್ಲಿ ತೀರಿಕೊಂಡರು. ಅವರು ಕೊಡಗಿನ ಕುರಿತು ಬರೆದ ಇಂಗ್ಲಿಷ್ ಪುಸ್ತಕ 1855ರಲ್ಲೇ ಅಚ್ಚಾಯಿತು. ಅದರಲ್ಲಿ ಈ ಮಿಶನ್ನಿನ ಆರಂಭದ ವೃತ್ತಾಂತವೂ ಇದೆ. ಅವರ ನಂತರ ಬಂದ ಗಿಯೋರ್ಗ್ ರಿಕ್ಟರ್ ಮಡಿಕೇರಿಯ ಶಾಲೆಯ ಮುಖ್ಯಸ್ಥರಾಗಿ 1870ರಲ್ಲಿ ಕೊಡಗಿನ ಕೈಪಿಡಿಯನ್ನು ಪ್ರಕಟಿಸಿದರು. ನಿಘಂಟಿನ ಫರ್ಡಿನೆಂಡ್ ಕಿಟ್ಟೆಲ್ ಅವರೂ ಮಡಿಕೇರಿ ಮತ್ತು ಆನಂದಪುರದ ಕೇಂದ್ರಗಳಲ್ಲಿ ಸೇವೆ ಸಲ್ಲಿಸಿದವರು. ಇವರೆಲ್ಲರ ಬಗ್ಗೆ ಬೇರೆ ಪುಸ್ತಕಗಳು ಇರುವುದರಿಂದ ನೀವು ಒಂದೆರಡು ಪುಟಗಳಲ್ಲಿ ಮುಗಿಸಿದರೂ ನಷ್ಟವಿಲ್ಲ. ಬೇರೆ ಯಾರೂ ಬರೆಯಲಾರದ ಭಾಗವೆಂದರೆ ನಿಮ್ಮ ಸಭೆಯ ನಡವಳಿ ಪುಸ್ತಕ, ಕಾಣಿಕೆಯ ಲೆಕ್ಕ, ಸುಗ್ಗಿ ಹಬ್ಬದ ಹರಾಜಿನ ಪಟ್ಟಿ, ಸಮಾಧಿ ಭೂಮಿಯ ಕಲ್ಲುಗಳು ಮತ್ತು 80 ದಾಟಿದ ಹಿರಿಯರ ನೆನಪು. ದೇವಾಲಯಕ್ಕೆ ಕಲ್ಲು ಹೊತ್ತವರು ಯಾರು, ಮೊದಲ ಉಪದೇಶಿ ಯಾವ ಮನೆಯವರು, ಮನೆ ಮನೆಗೆ ಹೋಗಿ ಹೆಣ್ಣುಮಕ್ಕಳಿಗೆ ವೇದವಾಕ್ಯವನ್ನು ಓದಿ ಹೇಳುತ್ತಿದ್ದವರು ಯಾರು ಎಂದು ಕೇಳಿ ಬರೆದುಕೊಳ್ಳಿ. ಹಿರಿಯರ ಬಳಿಗೆ ಈ ಮಳೆಗಾಲ ಮುಗಿಯುವುದರೊಳಗೆ ಹೋಗಿ. ಕಾಗದ ಇನ್ನೂ ಕೆಲವು ವರ್ಷ ಕಾಯುತ್ತದೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕಾಗಿದೆ. 1950ರ ಪರಿಶಿಷ್ಟ ಜಾತಿಗಳ ಆದೇಶದ ಪ್ರಕಾರ ಕ್ರೈಸ್ತರಾದ ದಲಿತರಿಗೆ ಪರಿಶಿಷ್ಟ ಜಾತಿಯ ಸ್ಥಾನವಿಲ್ಲ. ಕರ್ನಾಟಕದಲ್ಲಿ ಅವರು ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿ ಬರುತ್ತಾರೆ. ಕುಟುಂಬವೊಂದರ ಹಳೆಯ ಜಾತಿಯನ್ನು ಅಚ್ಚಿನಲ್ಲಿ ಹೇಳುವುದು ಕೆಲವರಿಗೆ ನೋವಿನ ವಿಷಯ, ಕೆಲವರಿಗೆ ಪ್ರಮಾಣಪತ್ರದ ವಿಷಯ. ಆದ್ದರಿಂದ ಸಮುದಾಯದ ಚರಿತ್ರೆಯನ್ನು ನೇರವಾಗಿ ಬರೆಯಿರಿ. ಒಂದೊಂದು ಮನೆಯ ಹೆಸರನ್ನು ಮಾತ್ರ ಆ ಮನೆಯವರ ಒಪ್ಪಿಗೆ ಪಡೆದೇ ಸೇರಿಸಿರಿ.

ಪ್ರಶ್ನೆ: ವಿರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯವು ಮೋಗ್ಲಿಂಗರಿಗಿಂತ ಮೊದಲಿನದೆಂದು ಕೇಳಿದ್ದೇನೆ. ಹಾಗಿದ್ದರೆ 1853 ಆರಂಭದ ವರ್ಷವಾಗುವುದು ಹೇಗೆ?
(ವಿರಾಜಪೇಟೆಯ ಓದುಗರು)

ಉತ್ತರ: ನೀವು ಕೇಳಿರುವುದು ಸರಿ. ಆ ಸಭೆಯ ಮೂಲ 1792ಕ್ಕೆ ಹೋಗುತ್ತದೆ. ಟಿಪ್ಪುವಿನ ಕಾಲದಲ್ಲಿ ನೆಲೆ ತಪ್ಪಿ ಬಂದ ಕೊಂಕಣಿ ಕ್ರೈಸ್ತರಿಗೆ ದೊಡ್ಡವೀರರಾಜೇಂದ್ರನು ಆಶ್ರಯ ಕೊಟ್ಟದ್ದರಿಂದ ಅದು ಹುಟ್ಟಿತು. ಅದು ರೋಮನ್ ಕಥೋಲಿಕ ಸಭೆ. 1853 ಕೊಡಗಿನ ಪ್ರೊಟೆಸ್ಟಂಟ್ ಸಭೆಯ ಆರಂಭದ ವರ್ಷ. ಕಥೋಲಿಕ ಸಭೆಯು ಮೊದಲೇ ಕ್ರೈಸ್ತರಾಗಿದ್ದವರು ವಲಸೆ ಬಂದು ಕಟ್ಟಿಕೊಂಡದ್ದು, ಪ್ರೊಟೆಸ್ಟಂಟ್ ಸಭೆಯು ಬಹುಪಾಲು ಇಲ್ಲಿಯ ನೆಲದವರಿಂದಲೇ ಆದದ್ದು ಎಂಬುದನ್ನು ಗಮನದಲ್ಲಿಟ್ಟರೆ ಎರಡರ ಭಾಷೆ, ಮನೆತನಗಳ ಹೆಸರು ಮತ್ತು ಆಚರಣೆಗಳ ವ್ಯತ್ಯಾಸವೂ ತಿಳಿಯುತ್ತದೆ.

ಪ್ರಶ್ನೆ: ಮಡಿಕೇರಿಯ ಕೋಟೆಯೊಳಗಿನ ವಸ್ತುಸಂಗ್ರಹಾಲಯವು ಹಿಂದೆ ದೇವಾಲಯವಾಗಿತ್ತೆಂದು ಫಲಕದಲ್ಲಿ ಓದಿದೆ. ಅದು ಬಾಸೆಲ್ ಮಿಶನ್ನಿನದೇ? ಅಲ್ಲಿಯ ಸಭೆ ಎಲ್ಲಿಗೆ ಹೋಯಿತು?
(ಮಡಿಕೇರಿಯ ಕಾಲೇಜು ವಿದ್ಯಾರ್ಥಿನಿ)

ಉತ್ತರ: ಅಲ್ಲ. ಅದು ಸಂತ ಮಾರ್ಕನ ಹೆಸರಿನ ಆಂಗ್ಲಿಕನ್ (ಇಂಗ್ಲೆಂಡಿನ ಸಭೆಯ) ದೇವಾಲಯ. ಕಂಪನಿಯ ಅಧಿಕಾರಿಗಳು, ಸೈನಿಕರು ಮತ್ತು ಇಂಗ್ಲಿಷ್ ತೋಟಗಾರರ ಆರಾಧನೆಗಾಗಿ 1850ರ ದಶಕದಲ್ಲಿ ಕಟ್ಟಿದ್ದು. ಸರಕಾರಿ ಪಾದ್ರಿಯಾದ ಚಾಪ್ಲೇನ್ ಅದರ ಸೇವೆ ನೋಡಿಕೊಳ್ಳುತ್ತಿದ್ದರು. ಆ ಜಾಗದಲ್ಲಿ ಮೊದಲು ವೀರಭದ್ರನ ಗುಡಿ ಇತ್ತು. ದೇವಾಲಯಕ್ಕಾಗಿ ಅದನ್ನು ತೆಗೆಯಲಾಯಿತು. ಕ್ರೈಸ್ತ ಸಭೆಯ ಚರಿತ್ರೆಯನ್ನು ಬರೆಯುವವರು ಈ ಮಾತನ್ನು ಬಿಡಬಾರದು. ಆಳುವವರ ದೇವಾಲಯಕ್ಕೆ ಕೋಟೆಯ ಒಳಗೆ ಗುಡಿಯ ಜಾಗ ದೊರೆಯಿತು, ಆಳುಗಳ ದೇವಾಲಯಕ್ಕೆ ಸಿದ್ದಾಪುರದ ಕಾಡಿನಂಚು ದೊರೆಯಿತು. ಒಂದೇ ಧರ್ಮದ ಈ ಎರಡು ಸಭೆಗಳು ಒಂದೇ ಪೀಠವನ್ನು ಹಂಚಿಕೊಳ್ಳದೆ ಸುಮಾರು ನೂರು ವರ್ಷ ಕಳೆದವೆಂಬುದು ನನ್ನನ್ನು ಇಂದಿಗೂ ಕಾಡುವ ಸಂಗತಿ.

ಸ್ವಾತಂತ್ರ್ಯದ ನಂತರ ಇಂಗ್ಲಿಷ್ ಕುಟುಂಬಗಳು ಹೊರಟುಹೋದಂತೆ ಅಲ್ಲಿಯ ಆರಾಧನೆ ನಿಂತಿತು. 1971ರಲ್ಲಿ ಕಟ್ಟಡವು ರಾಜ್ಯ ಸರಕಾರದ ವಶಕ್ಕೆ ಬಂದು, ಈಗ ಪುರಾತತ್ತ್ವ ಇಲಾಖೆಯ ವಸ್ತುಸಂಗ್ರಹಾಲಯವಾಗಿದೆ. ಜೈನ ಶಿಲ್ಪಗಳೂ ವೀರಗಲ್ಲುಗಳೂ ಅಲ್ಲಿವೆ, ಹಳೆಯ ಬಣ್ಣದ ಗಾಜಿನ ಕಿಟಕಿಯೂ ಉಳಿದಿದೆ.

ಆಂಗ್ಲಿಕನ್, ಮೆಥೊಡಿಸ್ಟ್ ಮತ್ತು ದಕ್ಷಿಣ ಭಾರತ ಐಕ್ಯ ಸಭೆಗಳು ಒಂದಾಗಿ ದಕ್ಷಿಣ ಇಂಡಿಯಾ ಸಭೆ, ಅಂದರೆ ನಾವು ಸಿ.ಎಸ್.ಐ. ಎನ್ನುವ ಸಭೆ, 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸಂತ ಜಾರ್ಜ್ ಕಥೀಡ್ರಲಿನಲ್ಲಿ ಆರಂಭವಾಯಿತು. ಕನ್ನಡ ಸೀಮೆಯ ಬಾಸೆಲ್ ಮೂಲದ ಸಭೆಗಳು ಅದರಲ್ಲಿ ತಡವಾಗಿ, ಬೇರೆ ಬೇರೆ ವರ್ಷಗಳಲ್ಲಿ ಸೇರಿದವು. ಮೈಸೂರು ಡಯಾಸಿಸನ್ನು, ಅಂದರೆ ಬಿಷಪರ ಆಡಳಿತದ ಸಭಾಪ್ರಾಂತವನ್ನು, 1970ರಲ್ಲಿ ಮೂರಾಗಿ ವಿಂಗಡಿಸಲಾಯಿತು. ಇಂದು ಕೊಡಗಿನ ಸಿ.ಎಸ್.ಐ. ಸಭೆಗಳು ಮಂಗಳೂರು ಕೇಂದ್ರವಾಗಿರುವ ಕರ್ನಾಟಕ ದಕ್ಷಿಣ ಸಭಾಪ್ರಾಂತಕ್ಕೆ ಸೇರಿವೆ. ಹಾಗಾಗಿ ನೀವು ಕೇಳಿದ ಸಭೆ ಎಲ್ಲಿಗೂ ಹೋಗಲಿಲ್ಲವೆನ್ನಬಹುದು. ಕಟ್ಟಡ ಕೈಬದಲಾಯಿತು, ಆದರೆ ಆಂಗ್ಲಿಕನ್ ಪರಂಪರೆಯ ಆರಾಧನಾ ಕ್ರಮದ ಗುರುತುಗಳು ಇಂದಿನ ಸಿ.ಎಸ್.ಐ. ಆರಾಧನೆಯಲ್ಲಿ ಬಾಸೆಲಿನ ಗೀತಗಳ ಪಕ್ಕದಲ್ಲೇ ಇವೆ.

ಪ್ರಶ್ನೆ: ನನ್ನ ಮುತ್ತಜ್ಜಿಗೆ ಕೊಡಗಿನಲ್ಲಿ ದೀಕ್ಷಾಸ್ನಾನವಾಗಿತ್ತೆಂದು ಮನೆಯಲ್ಲಿ ಹೇಳುತ್ತಿದ್ದರು. ಅದರ ದಾಖಲೆಯನ್ನು ಎಲ್ಲಿ ಹುಡುಕಲಿ?
(ಸೋಮವಾರಪೇಟೆ ಮೂಲದ, ಈಗ ಮೈಸೂರಿನಲ್ಲಿರುವ ಓದುಗರು)

ಉತ್ತರ: ಮೊದಲು ಸಭಾಪಾಲಕರನ್ನು ಕಾಣಿರಿ. ಪ್ರತಿಯೊಂದು ಸಭೆಯಲ್ಲೂ ದೀಕ್ಷಾಸ್ನಾನ, ಮದುವೆ ಮತ್ತು ಸಮಾಧಿಯ ಪುಸ್ತಕಗಳು ಬೇರೆ ಬೇರೆ ಇರುತ್ತವೆ. ದೀಕ್ಷಾಸ್ನಾನದ ಪುಸ್ತಕದಲ್ಲಿ ದಿನಾಂಕ, ಹೊಸ ಹೆಸರು, ತಂದೆತಾಯಿಯ ಹೆಸರು, ವಾಸಸ್ಥಳ ಮತ್ತು ದೀಕ್ಷಾಸ್ನಾನ ಕೊಟ್ಟವರ ಸಹಿಯನ್ನು ನೋಡಬಹುದು. ಹಳೆಯ ಪುಟಗಳಲ್ಲಿ ಹಿಂದಿನ ಹೆಸರನ್ನೂ ಬರೆದಿರುವುದುಂಟು. ಮುತ್ತಜ್ಜಿಯ ಹೆಸರು ಸಿಗದಿದ್ದರೆ ಅವರ ಮದುವೆಯ ಕಡೆಯಿಂದ ಹುಡುಕುವುದು ಒಳ್ಳೆಯದು. 1872ರ ಕ್ರೈಸ್ತ ವಿವಾಹ ಕಾಯಿದೆಯ ನಂತರ ಮದುವೆಗಳನ್ನು ನಿಗದಿತ ನಮೂನೆಯಲ್ಲಿ ಬರೆದು ಪ್ರತಿಯನ್ನು ಸರಕಾರಕ್ಕೆ ಕಳುಹಿಸಬೇಕಾಗಿತ್ತು. ಹೀಗಾಗಿ ಸಭೆಯ ಪುಸ್ತಕ ಮಳೆಗೆ, ಗೆದ್ದಲಿಗೆ ಹೋಗಿದ್ದರೂ ಇನ್ನೊಂದು ಪ್ರತಿ ಉಳಿದಿರುವ ಸಾಧ್ಯತೆ ಇದೆ.

ಊರಿನಲ್ಲಿ ಸಿಗದಿದ್ದರೆ ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ದಾಖಲಾಗಾರಕ್ಕೆ ಹೋಗಿರಿ. ಬಾಸೆಲ್ ಮಿಶನ್ನಿನ ಕಾಲದ ಕನ್ನಡ ಪುಸ್ತಕಗಳೂ ಕಾಗದಪತ್ರಗಳೂ ಅಲ್ಲಿವೆ. ಬಾಸೆಲ್ ನಗರದ ಮಿಶನ್ ದಾಖಲಾಗಾರದಲ್ಲಿ ಮಿಶನರಿಗಳ ವರದಿ, ನಕ್ಷೆ ಮತ್ತು ಛಾಯಾಚಿತ್ರಗಳಿವೆ, ಛಾಯಾಚಿತ್ರಗಳನ್ನು ಅಂತರಜಾಲದಲ್ಲಿ ಉಚಿತವಾಗಿ ನೋಡಬಹುದು. ಹುಡುಕುವಾಗ ಮಡಿಕೇರಿಗೆ ಮರ್ಕಾರಾ, ಕೊಡಗಿಗೆ ಕೂರ್ಗ್ ಎಂಬ ಹಳೆಯ ರೂಪಗಳನ್ನೇ ಬಳಸಬೇಕು. ಕೈಬರಹದ ವರದಿಗಳು ಹಳೆಯ ಜರ್ಮನ್ ಲಿಪಿಯಲ್ಲಿರುವುದರಿಂದ ಜರ್ಮನ್ ಬಲ್ಲವರಿಗೂ ತರಬೇತಿಯಿಲ್ಲದೆ ಓದಲಾಗದು. ಮುದ್ರಿತ ವಾರ್ಷಿಕ ವರದಿಗಳಿಂದ ಆರಂಭಿಸುವುದು ಸುಲಭ. ನಿಮ್ಮ ಹಿರಿಯರು ಆಂಗ್ಲಿಕನ್ ದೇವಾಲಯದ ದಾಖಲೆಗೆ ಸೇರಿದವರಾಗಿದ್ದರೆ ದಾರಿ ಬೇರೆ. ಮದರಾಸು ಪ್ರಾಂತದ ಚಾಪ್ಲೇನರು ಕಳುಹಿಸುತ್ತಿದ್ದ ಪ್ರತಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ.

ಒಂದೇ ಸಭೆಯಲ್ಲಿ ಮರಿಯ, ಸಾರ, ರೂತ್ ಎಂಬ ಹೆಸರಿನವರು ಹಲವರು ಸಿಗುತ್ತಾರೆ. ಆದ್ದರಿಂದ ಹೊರಡುವ ಮೊದಲು ಮುತ್ತಜ್ಜಿಯ ಗಂಡನ ಹೆಸರು, ದುಡಿದ ತೋಟ, ಮಕ್ಕಳು ಹುಟ್ಟಿದ ಕ್ರಮ ಇವನ್ನು ಮನೆಯ ಹಿರಿಯರಿಂದ ಕೇಳಿ ಬರೆದುಕೊಳ್ಳಿ. ಮನೆಯ ಹಳೆಯ ಸತ್ಯವೇದದ ಮೊದಲ ಖಾಲಿ ಹಾಳೆಯನ್ನೂ ತೆರೆದು ನೋಡಿ. ಹುಟ್ಟು, ಮದುವೆ, ಸಾವಿನ ದಿನಗಳನ್ನು ಅಲ್ಲಿ ಬರೆದಿಡುವ ರೂಢಿ ನಮ್ಮ ಸಭೆಗಳ ಅನೇಕ ಮನೆಗಳಲ್ಲಿತ್ತು.